ಒಂದು ಹ್ಯಾಂಡಿ, 128 ಚಾನೆಲ್, ನಾಲ್ಕು ಮಳೆಗಾಲ

ನಮ್ಮ ಮನೆ ಪೆರ್ಲದ ಹತ್ತಿರ. ಮೂರು ಕಡೆ ಗುಡ್ಡ, ನಡುವೆ ಅಡಿಕೆ ತೋಟ. ಎರಡು ಮೀಟರ್ ಬ್ಯಾಂಡಿಗೆ, ಅಂದರೆ ನಮ್ಮ ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ಮಾತಾಡುವ 144ರಿಂದ 146 ಮೆಗಾಹರ್ಟ್ಸ್‌ಗೆ, ಇದಕ್ಕಿಂತ ಕೆಟ್ಟ ಜಾಗ ಸಿಗಲಿಕ್ಕಿಲ್ಲ. ಈ ಅಲೆಗಳು ಹೆಚ್ಚು ಕಡಿಮೆ ಕಣ್ಣಿಗೆ ಕಂಡಷ್ಟೇ ದೂರ ಹೋಗುವಂಥವು. ನಮ್ಮಲ್ಲಿ ಕೇಳುವುದು ಮಂಗಳೂರಿನ ಒಂದೇ ರಿಪೀಟರ್ (ನಮ್ಮ ಮಾತು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಯಂತ್ರ), ಅದೂ ಬಾವಿಕಟ್ಟೆಯ ಹತ್ತಿರ ನಿಂತರೆ ಮಾತ್ರ. ಪೊಸಡಿಗುಂಪೆ ಗುಡ್ಡ ಹತ್ತಿದರೆ ಕಥೆಯೇ ಬೇರೆ.

ಇಲ್ಲಿ ನಾಲ್ಕು ವರ್ಷದಿಂದ 5 ವಾಟಿನ ಒಂದು ಅಗ್ಗದ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ವಾಕಿಟಾಕಿ, ಬಳಸುತ್ತಿದ್ದೇನೆ. ಕಂಪನಿ ಹೆಸರು ಬೇಡ, ಈ ಜಾತಿಯವೆಲ್ಲ ಒಂದೇ ತಾಯಿಯ ಮಕ್ಕಳು. ಮಾತು ಸ್ಪಷ್ಟ, ಬ್ಯಾಟರಿ ಪರವಾಗಿಲ್ಲ. ಕಾಡಿಸಿದ್ದು ಅದರ 128 ಮೆಮೊರಿ ಚಾನೆಲ್, ಅಂದರೆ ಫ್ರೀಕ್ವೆನ್ಸಿ ಉಳಿಸಿಡುವ ನಂಬರಿನ ಖಾನೆಗಳು.

ಕೀಪ್ಯಾಡಿನಲ್ಲೇ ಚಾನೆಲ್ ತುಂಬಿಸುವುದು ಒಂದು ತಪಸ್ಸು. ಮೊದಲು ಫ್ರೀಕ್ವೆನ್ಸಿ ಮೋಡಿಗೆ ಬರಬೇಕು. ಪರದೆಯ ಮೇಲಿನ ಸಾಲಿನಲ್ಲೇ ಇರಬೇಕು. ನಮಗೆ ರಿಪೀಟರ್ ಕೇಳಿಸುವ ಫ್ರೀಕ್ವೆನ್ಸಿ ಒತ್ತಿ, ಟೋನ್ (ಮಾತಿನ ಜೊತೆ ಹೋಗುವ, ರಿಪೀಟರ್ ತೆರೆಯುವ ಸಣ್ಣ ಗುಂಯ್ ಸದ್ದು) ಹಾಕಿ, 27ನೇ ಮೆನುವಿನಲ್ಲಿ ಖಾಲಿ ನಂಬರ್ ಹುಡುಕಿ ಸೇವ್. ಆಮೇಲೆ ನಾವು ಕಳಿಸುವ, 600 ಕಿಲೋಹರ್ಟ್ಸ್ ಕೆಳಗಿನದನ್ನು ಒತ್ತಿ, ಅದೇ ನಂಬರಿಗೆ ಮತ್ತೊಮ್ಮೆ ಸೇವ್. ಸೆಟ್ಟಿನೊಳಗಿನ ಹೆಂಗಸು ಮೊದಲ ಸಲ 'ರಿಸೀವಿಂಗ್ ಮೆಮೊರಿ' ಅನ್ನುತ್ತಾಳೆ, ಎರಡನೇ ಸಲ 'ಟ್ರಾನ್ಸ್‌ಮಿಟಿಂಗ್ ಮೆಮೊರಿ'. ಅನ್ನದಿದ್ದರೆ ಪುನಃ ಮೊದಲಿನಿಂದ. ನಂಬರಿನ ಮುಂದೆ ಸಿಎಚ್ ಅಂತ ಕಂಡರೆ ಅದು ಮೊದಲೇ ತುಂಬಿದೆ. 28ನೇ ಮೆನುವಿಗೆ ಹೋಗಿ ಅಳಿಸಿ ಬರಬೇಕು. ಚಾನೆಲ್ಲಿಗೆ ಹೆಸರಿಡುವುದಂತೂ ಕೀಪ್ಯಾಡಿನಲ್ಲಿ ಆಗುವುದೇ ಇಲ್ಲ. ಹೀಗೆ ಹನ್ನೊಂದು ಚಾನೆಲ್ ತುಂಬಿಸಿ ಸುಸ್ತಾಗಿ, ಕಂಪ್ಯೂಟರಿನಿಂದ ತುಂಬಿಸಲಿಕ್ಕೆ ಕೇಬಲ್ ತರಿಸಿದೆ.

ಕೇಬಲಿನದ್ದು ಬೇರೆ ರಾಮಾಯಣ. ಒಳಗೆ ನಕಲಿ ಚಿಪ್ಪು, ವಿಂಡೋಸ್ ಡ್ರೈವರ್ ಅದನ್ನು ಒಪ್ಪಲಿಲ್ಲ. ಹಳೆ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಸಲೀಸಾಗಿ ಹಿಡಿಯಿತು. ಆದರೂ ಸೆಟ್ಟು ಮಾತಾಡಲಿಲ್ಲ. ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ನೋಡಿದರೆ ಪ್ಲಗ್ ಪೂರ್ತಿ ಒಳಗೆ ಹೋಗಿರಲಿಲ್ಲ. ಅದರ ದಪ್ಪ ರಬ್ಬರು ಸೆಟ್ಟಿನ ಅಂಚಿಗೆ ತಾಗುತ್ತಿತ್ತು. ಬ್ಲೇಡಿನಲ್ಲಿ ಒಂದು ಚೂರು ಕೆತ್ತಿದೆ. ಟಕ್ ಅಂತ ಕೂತಿತು.

ಆಮೇಲೆ ಚಿರ್ಪ್. ಹ್ಯಾಮ್‌ಗಳೇ ಮಾಡಿದ ಉಚಿತ ಸಾಫ್ಟ್‌ವೇರ್. ಮೊದಲು ಸೆಟ್ಟಿನಿಂದ ಡೌನ್‌ಲೋಡ್, ಎಕ್ಸೆಲ್ ಹಾಳೆಯ ಹಾಗೆ ಸಾಲು ಸಾಲಾಗಿ ತಿದ್ದುವುದು, ವಾಪಸು ಅಪ್‌ಲೋಡ್. ಒಂದು ನಿಮಿಷದ ಕೆಲಸ. ಗೆಳೆಯರು ಅವರ ಫೈಲ್ ಕಳಿಸಿದರೆ ಹಾಗೇ ಸೆಟ್ಟಿಗೆ ಸುರಿಯಬೇಡಿ, ಒಳಗಿನ ಫರ್ಮ್‌ವೇರ್ (ಸೆಟ್ಟನ್ನು ನಡೆಸುವ ಪ್ರೋಗ್ರಾಂ) ಬೇರೆ ಇರಬಹುದು. ಎರಡನ್ನೂ ತೆರೆದು ಬೇಕಾದ ಸಾಲುಗಳನ್ನು ಮಾತ್ರ ಕಾಪಿ ಮಾಡಿ.

ಇದರಲ್ಲೂ ನಾನು ಒಮ್ಮೆ ಬಿದ್ದೆ. ಟೋನ್ ಕಾಲಮಿನಲ್ಲಿ 'ಟೋನ್' ಅಂತ ಹಾಕುವ ಬದಲು 'ಟಿಎಸ್‌ಕ್ಯೂಎಲ್' ಹಾಕಿದ್ದೆ. ಮೊದಲನೆಯದು ನಾವು ಕಳಿಸುವ ಟೋನ್, ರಿಪೀಟರ್ ಬಾಗಿಲು ತೆರೆಯಲಿಕ್ಕೆ ಅಷ್ಟು ಸಾಕು. ಎರಡನೆಯದಾದರೆ ಆ ಕಡೆಯಿಂದಲೂ ಅದೇ ಟೋನ್ ಬಂದರೆ ಮಾತ್ರ ನಮ್ಮ ಸ್ಪೀಕರ್ ಬಾಯಿ ಬಿಡುತ್ತದೆ. ಆ ರಿಪೀಟರ್ ಟೋನ್ ಕಳಿಸುವುದಿಲ್ಲ. ನಾನು ಎರಡು ದಿನ ರಿಪೀಟರ್ ಸತ್ತಿದೆ ಅಂತ ತಿಳಿದು, ಸುಮ್ನೆ ಕೂಗುತ್ತಾ ಇದ್ದೆ. ಅತ್ತಲಿಂದ ಬೇರೆ ಹ್ಯಾಮ್‌ಗಳು ಉತ್ತರ ಕೊಡುತ್ತಲೇ ಇದ್ದರಂತೆ!

ಚಾನೆಲ್ ಜೋಡಿಸುವುದನ್ನು ಮೂರು ಸಲ ಬದಲಾಯಿಸಿದೆ. ಮೊದಲು ಫ್ರೀಕ್ವೆನ್ಸಿಯ ಕ್ರಮದಲ್ಲಿ ಇಟ್ಟೆ. ನೋಡಲಿಕ್ಕೆ ಚಂದ, ಕೆಲಸಕ್ಕೆ ಬಾರದು. ಆಮೇಲೆ ರಿಪೀಟರ್ ಇರುವ ಊರಿನ ಪ್ರಕಾರ. ಅದೂ ಆಗಲಿಲ್ಲ. ಈಗ ನಾನು ಎಲ್ಲಿ ನಿಂತಿರುತ್ತೇನೆ ಅನ್ನುವುದರ ಪ್ರಕಾರ ಇಟ್ಟಿದ್ದೇನೆ. 001ರಿಂದ ಮನೆ, 021ರಿಂದ ಪೊಸಡಿಗುಂಪೆ, 041ರಿಂದ ಮಂಗಳೂರಿನ ದಾರಿ. ಒಂದೇ ರಿಪೀಟರ್ ಮೂರು ಕಡೆ ಬಂದರೂ ಬರಲಿ, 128ರಲ್ಲಿ ಜಾಗಕ್ಕೇನು ಬರಗಾಲವಾ? ಮೆಮೊರಿ ಮೋಡಿನಲ್ಲಿ ಮೂರು ಅಂಕಿ ಒತ್ತಿದರೆ ನೇರ ಅಲ್ಲಿಗೆ ಹೋಗುತ್ತದೆ. ಕಳೆದ ಆಟಿ ತಿಂಗಳಲ್ಲಿ ಕರೆಂಟಿಲ್ಲದೆ, ಮೊಬೈಲ್ ಟವರೂ ಸತ್ತಿದ್ದ ರಾತ್ರಿ, ಟಾರ್ಚ್ ಹುಡುಕದೆ ಬೆರಳಲ್ಲೇ ತಡವಿ ಸೊನ್ನೆ, ಸೊನ್ನೆ, ಒಂದು ಒತ್ತಿದ್ದೆ. ಹೊಳೆಯ ಆಚೆಯ ಗೆಳೆಯ ಸಿಕ್ಕಿದ.

ಹೆಸರಿಗೆ ಇರುವುದು ಏಳೇ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಪೆರ್ಲ ಐದರಲ್ಲಿ ಮುಗಿಯುತ್ತದೆ. ಬದಿಯಡ್ಕಕ್ಕೆ ಎಂಟು ಬೇಕು, ಮಂಜೇಶ್ವರದ ಮಾತೇ ಬೇಡ. ಸ್ಕ್ಯಾನ್, ಅಂದರೆ ಚಾನೆಲ್‌ಗಳನ್ನು ಒಂದೊಂದಾಗಿ ಕೇಳುತ್ತಾ ಹೋಗುವುದು, ಆಮೆ ನಡಿಗೆ. ದಿನಾ ಬೇಡದ ಚಾನೆಲ್‌ಗಳಿಗೆ ಸ್ಕಿಪ್ ಹಾಕಿಟ್ಟಿದ್ದೇನೆ.

ಫೈಲಿಗೆ ತಾರೀಕು ಹಾಕಿ ನನಗೇ ಮೇಲ್ ಮಾಡಿಕೊಳ್ಳುವ ಅಭ್ಯಾಸ ಬಂದದ್ದು ಅಕ್ಕನ ಮಗನಿಂದ. ರಜೆಯಲ್ಲಿ ಬಂದವನು ಸೆಟ್ಟು ಹಿಡಿದು ಜಗಲಿಯಲ್ಲಿ ಕೂತಿದ್ದ. ಸ್ವಲ್ಪ ಹೊತ್ತಿಗೆ ಕರೆದ: "ಮಾವಾ, ಇದು ಚೀನಾ ಭಾಷೆ ಮಾತಾಡ್ತಾ ಉಂಟು!" 40ನೇ ಮೆನುವಿನ ರೀಸೆಟ್ ಒತ್ತಿದ್ದ. ಅದರಲ್ಲಿ ವಿಎಫ್‌ಒ ಅಂತ ಇದ್ದರೆ ಚಾನೆಲ್ ಉಳಿಯುತ್ತದೆ, ಆಲ್ ಅಂತ ಒತ್ತಿದರೆ ಎಲ್ಲ ಹೋಯಿತು. ಅವನು ಒತ್ತಿದ್ದು ಆಲ್. ಪುಣ್ಯಕ್ಕೆ ಮೂರು ತಿಂಗಳ ಹಿಂದಿನ ಒಂದು ಫೈಲ್ ಇತ್ತು. ಮೂರು ತಿಂಗಳಲ್ಲಿ ತಿದ್ದಿದ್ದೆಲ್ಲ ಇನ್ನೊಮ್ಮೆ.

061ರಿಂದ 065 ನನಗೆ ತುಂಬ ಇಷ್ಟದ ಸಾಲು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರಿಪೀಟರಿಗೆ. ಅದು 437.800 ಮೆಗಾಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ಆದರೆ ನಮ್ಮ ಕಡೆಗೆ ಬರುವಾಗ ಸುಮಾರು 10 ಕಿಲೋಹರ್ಟ್ಸ್ ಮೇಲೆ, ದೂರ ಹೋಗುವಾಗ ಅಷ್ಟೇ ಕೆಳಗೆ ಸಿಗುತ್ತದೆ. ರೈಲಿನ ಸೀಟಿ ದಾಟಿ ಹೋಗುವಾಗ ಸ್ವರ ಇಳಿಯುತ್ತದಲ್ಲ, ಹಾಗೆ. ಅದಕ್ಕೆ 437.810ರಿಂದ 437.790ರವರೆಗೆ ಐದೈದು ಕಿಲೋಹರ್ಟ್ಸ್‌ನ ಐದು ಮೆಟ್ಟಿಲು ಮಾಡಿದ್ದೇನೆ. ಚಿರ್ಪ್‌ನ ಡುಪ್ಲೆಕ್ಸ್ ಕಾಲಮಿನಲ್ಲಿ 'ಸ್ಪ್ಲಿಟ್' (ಕೇಳುವುದೊಂದು, ಕಳಿಸುವುದೊಂದು ಫ್ರೀಕ್ವೆನ್ಸಿ), ಆಫ್‌ಸೆಟ್ ಜಾಗದಲ್ಲಿ ನಾವು ಕಳಿಸುವ 145.990, ಟೋನ್ 67 ಹರ್ಟ್ಸ್. ನಿಲ್ದಾಣದಿಂದ ಬರೇ ಕೇಳಲಿಕ್ಕಿರುವ 145.800ಕ್ಕೆ ಡುಪ್ಲೆಕ್ಸ್ 'ಆಫ್' ಹಾಕಿದ್ದೇನೆ, ಕೈತಪ್ಪಿ ಒತ್ತಿದರೂ ಆ ಚಾನೆಲಿನಲ್ಲಿ ಟ್ರಾನ್ಸ್‌ಮಿಟ್ ಆಗುವುದಿಲ್ಲ.

ಬಾವಿಕಟ್ಟೆ ಬಿಟ್ಟರೆ ಮಂಗಳೂರು ಕೇಳದ ಈ ಅಂಗಳದಲ್ಲಿ, 400 ಕಿಲೋಮೀಟರ್ ಎತ್ತರದ ನಿಲ್ದಾಣ ನೆತ್ತಿಯ ಮೇಲೆ ಬಂದಾಗ ಚೆನ್ನಾಗಿ ಕೇಳುತ್ತದೆ. ಗುಡ್ಡಗಳ ನಡುವೆ ಸಿಗುವುದು ನಾಲ್ಕೈದು ನಿಮಿಷ. ನಾನು ಆಂಟೆನಾ ತಿರುಗಿಸುತ್ತೇನೆ. ಮೆಟ್ಟಿಲು ಇಳಿಸಲಿಕ್ಕೆ ಈಗ ಅಕ್ಕನ ಮಗನೇ ಬೇಕು. 40ನೇ ಮೆನು ಮುಟ್ಟುವುದಿಲ್ಲ ಅಂತ ಅವನಿಂದ ಆಣೆ ಮಾಡಿಸಿದ್ದೇನೆ.