ಬೇಲೀಫೋ, ಆನ್ ಹ್ಯಾಥವೇ ಮನೆಯೋ?

ಇಂಗ್ಲೆಂಡಿನಲ್ಲಿ ಹಳೇ ಮರದ ಚೌಕಟ್ಟಿನ ರೈತರ ಮನೆ ಒಂದನ್ನೇ ನೋಡಲು ಟೈಮ್ ಇದ್ದರೆ, ನನ್ನ ಓಟು ಬೇಲೀಫ್‌ಗೆ. 15ನೇ ಶತಮಾನದ ಈ ಮನೆ ಮೊದಲು ಕೆಂಟ್‌ನಲ್ಲಿತ್ತು. ಅಲ್ಲಿ ಜಲಾಶಯ ಬರುತ್ತದೆಂದು 1960ರ ದಶಕದ ಕೊನೆಗೆ ಬಿಚ್ಚಿ, ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ಹಳೇ ಕಟ್ಟಡಗಳ ಬಯಲು ಮ್ಯೂಸಿಯಂನಲ್ಲಿ ಮತ್ತೆ ಜೋಡಿಸಿದರು. ಓಕ್ ತೊಲೆಗಳನ್ನು ಒಂದರೊಳಗೊಂದು ಕೂರಿಸಿ ಮರದ ಗೂಟ ಹೊಡೆದು ಕಟ್ಟಿದ್ದರಿಂದ ಬಿಚ್ಚಲು ಸಾಧ್ಯವಾಯಿತು. ನಡುಮನೆಗೆ ಮಹಡಿ ಇಲ್ಲ, ಚಿಮಣಿ ಇಲ್ಲ. ನೆಲದ ಮೇಲೇ ಬೆಂಕಿ, ಹೊಗೆ ಸೂರಿನವರೆಗೆ ಏರಿ ಸಂದಿಯಲ್ಲಿ ಹೊರಗೆ ಹೋಗಬೇಕು. ಕಿಟಕಿಗೆ ಗಾಜೂ ಇಲ್ಲ, ಅದರ ಬದಲು ಮರದ ಸರಳು. ಆ ಚಳಿಯಲ್ಲಿ!

ಶಾಟರಿಯ ಆನ್ ಹ್ಯಾಥವೇ ಕಾಟೇಜ್ ಶೇಕ್ಸ್‌ಪಿಯರ್‌ನ ಹೆಂಡತಿಯ ತವರು. ಹೆಸರು ಕಾಟೇಜ್, ಇದ್ದದ್ದು ದೊಡ್ಡ ರೈತರ ಮನೆ. ಹಳೇ ಭಾಗ 1463ರದ್ದು. ಒಳಗೆ ಎರಡು ಬಾಗಿದ ಮರಗಳು ಎದುರುಬದುರಾಗಿ ಏರಿ ತುದಿಯಲ್ಲಿ ಸೇರುತ್ತವೆ, ಅದನ್ನು ತಪ್ಪದೆ ನೋಡಿ. ಆದರೆ ಚಿಮಣಿ, ಮಹಡಿ ಆಮೇಲೆ ಸೇರಿಸಿದ್ದು, ಹಾಗಾಗಿ ಮೂಲದ ನಡುಮನೆ ಹೇಗಿತ್ತು ಅಂತ ಸುಲಭಕ್ಕೆ ಗೊತ್ತಾಗಲ್ಲ. ಹುಲ್ಲಿನ ಚಾವಣಿ, ಹೂತೋಟ, ಫೋಟೋಗೆ ಇದೇ ಚೆಂದ. ಶೇಕ್ಸ್‌ಪಿಯರ್‌ನ ಊರು ಸ್ಟ್ರಾಟ್‌ಫರ್ಡ್‌ಗೆ ಹೇಗೂ ಹೋಗುವವರಿಗೆ ಇದು ಪಕ್ಕದಲ್ಲೇ ಇದೆ, ಸುಮ್ನೆ ಸಸೆಕ್ಸ್‌ವರೆಗೆ ಓಡಬೇಡಿ. ಕಟ್ಟಡದ ಕೆಲಸವೇ ಮುಖ್ಯ ಅನ್ನುವವರು ಮಾತ್ರ ಬೇಲೀಫ್‌ಗೇ ಹೋಗಿ.