ಬಿಸಾಡುವುದರ ಬದಲು ತೊಳೆದಿಡುವ ವಸ್ತುಗಳು: 4 ವರ್ಷದ ಬಳಕೆಯ ನಂತರ

ಪೇಪರ್ ಟವೆಲ್, ಆಹಾರ ಮುಚ್ಚುವ ಪ್ಲಾಸ್ಟಿಕ್ ಹಾಳೆ, ಜಿಪ್ ಚೀಲ, ಬಳಸಿ ಎಸೆಯುವ ರೇಜರ್, ಮಾಮೂಲಿ ಬ್ಯಾಟರಿ. ಈ ಐದರ ಜಾಗಕ್ಕೆ ಬಂದವುಗಳಲ್ಲಿ ಮೂರು ಗಟ್ಟಿಯಾಗಿ ನಿಂತಿವೆ, ಒಂದು ಅರೆಬರೆ, ಇನ್ನೊಂದು ಬಹುತೇಕ ಮೂಲೆ ಸೇರಿದೆ. ಮೂಲೆ ಸೇರಿದ್ದು ಹರಿದುಹೋಗಿ ಅಲ್ಲ. ತೊಳೆದ ಮೇಲೆ ಬೇಗ ಒಣಗುವುದಿಲ್ಲ ಎಂಬ ಮುಖ್ಯ ಕಾರಣಕ್ಕೆ.

ಮೊದಲು ಒರೆಸುವ ಬಟ್ಟೆ. ಇದಕ್ಕೆ ಹೊಸದನ್ನು ಕೊಳ್ಳಲೇಬೇಡಿ. ಹಳೆಯ ಹತ್ತಿ ಹಾಸಿಗೆ ಹೊದಿಕೆ, ಸವೆದ ಟವೆಲ್ಲುಗಳನ್ನು 30 ಸೆಂ.ಮೀ. ಚೌಕಗಳಾಗಿ ಕತ್ತರಿಸಿ ಅಂಚು ಹೊಲಿದರೆ ಸಾಕು. ಸಂಖ್ಯೆ ಮಾತ್ರ ಕಡಿಮೆಯಾಗಬಾರದು: 20–25 ಇದ್ದರೆ ತೊಳೆಯುವ ದಿನದವರೆಗೆ ಸಾಲುತ್ತದೆ, 6–7 ಇಟ್ಟುಕೊಂಡರೆ ಎರಡೇ ದಿನಕ್ಕೆ ಕೈ ಮತ್ತೆ ಪೇಪರ್ ಸುರುಳಿಯ ಕಡೆ ಹೋಗುತ್ತದೆ. ಹೊಸ ಬಟ್ಟೆಯನ್ನೇ ತಂದಿದ್ದರೆ ಮೊದಲು ಎರಡು ಮೂರು ಸಲ ಬಿಸಿನೀರಲ್ಲಿ ಒಗೆಯಿರಿ. ಗಂಜಿ ಹೋಗುವತನಕ ಅದು ನೀರು ಹೀರುವುದಿಲ್ಲ, ಸುಮ್ಮನೆ ಸವರುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಡೀಷನರ್ ಇವಕ್ಕೆ ಪೂರ್ತಿ ನಿಷಿದ್ಧ. ಅದು ನೂಲಿನ ಮೇಲೆ ಜಿಡ್ಡಿನ ಪದರ ಬಿಟ್ಟು ಹೀರುವ ಗುಣವನ್ನೇ ಕೆಡಿಸುತ್ತದೆ.

ಹೆಚ್ಚಿನ ದೂರು ಮುಗ್ಗಲು ವಾಸನೆಯದು. ಒದ್ದೆ ಬಟ್ಟೆಯನ್ನು ಮುಚ್ಚಿದ ಬಕೆಟ್ಟಿಗೆ ಎಸೆದರೆ ಅದು ಬಂದೇ ಬರುತ್ತದೆ. ಹಿಂಡಿ, ಬಕೆಟ್ಟಿನ ಅಂಚಿಗೆ ಹರವಿ, ಒಣಗಿದ ಮೇಲೆ ಒಳಗೆ ಹಾಕಿ. ವಾಸನೆ ಈಗಾಗಲೇ ಹಿಡಿದಿದ್ದರೆ ಸೋಪು ಹೆಚ್ಚಿಸಿ ಫಲವಿಲ್ಲ. ಅರ್ಧ ಬಕೆಟ್ ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, ಒಂದು ಗಂಟೆ ನೆನೆಹಾಕಿ, ನಂತರ 60 ಡಿಗ್ರಿಯಲ್ಲಿ ಒಗೆಯಬೇಕು. ಬಾಣಲೆಯ ಜಿಡ್ಡಿಗೆ ಈ ಬಟ್ಟೆ ಮುಟ್ಟಿಸದೆ ಹಳೆಯ ಪತ್ರಿಕೆಯಿಂದ ಒರೆಸಿ ಎಸೆಯುವುದೇ ಜಾಣತನ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನಂತೂ ಈ ರಾಶಿಗೆ ಸೇರಿಸಲೇಬೇಡಿ: ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾಗಿ ಬಿದ್ದಿದ್ದರೆ ತಾನೇ ಹೊತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಒಣಗಿಸಬೇಕು.

ಹೊಸ ಬಟ್ಟೆ ಬೇಡ ಎನ್ನಲು ಇನ್ನೊಂದು ಕಾರಣವಿದೆ: ಹತ್ತಿಯ ವಸ್ತು ತಯಾರಿಸುವುದೇ ಪರಿಸರಕ್ಕೆ ಹೊರೆ. ಬ್ರಿಟನ್ನಿನ ಪರಿಸರ ಏಜೆನ್ಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕದಲ್ಲಿ, ಒಮ್ಮೆ ಬಳಸಿ ಎಸೆದ ತೆಳು ಪ್ಲಾಸ್ಟಿಕ್ ಕೈಚೀಲಕ್ಕೆ ತಾಪಮಾನ ಏರಿಕೆಯ ಬಾಬತ್ತಿನಲ್ಲಿ ಸರಿಸಾಟಿಯಾಗಲು ಹತ್ತಿ ಚೀಲವನ್ನು 131 ಸಲ ಬಳಸಬೇಕು. ಬಾಗಿಲ ಹಿಂದೆ ಹನ್ನೆರಡು ಹತ್ತಿ ಚೀಲ ನೇತುಹಾಕಿದವರು ಲೆಕ್ಕ ಹಾಕಿಕೊಳ್ಳಲಿ.

ರೀಚಾರ್ಜ್ ಬ್ಯಾಟರಿಗೆ ಪೂರ್ಣ ಅಂಕ, ಆದರೆ ಚಾರ್ಜರ್ ಸರಿಯಿದ್ದರೆ ಮಾತ್ರ. ಅಗ್ಗದ ಚಾರ್ಜರ್‌ಗಳು ಸೆಲ್‌ಗಳನ್ನು ಜೋಡಿಯಾಗಿ ತುಂಬುತ್ತವೆ. ಒಂದು ಅರ್ಧ ತುಂಬಿದ್ದು ಇನ್ನೊಂದು ಖಾಲಿಯಿದ್ದರೆ ಮೊದಲನೆಯದು ಅತಿಯಾಗಿ ಬಿಸಿಯಾಗಿ ಆಯುಷ್ಯ ಕಳೆದುಕೊಳ್ಳುತ್ತದೆ. ಪ್ರತಿ ಸೆಲ್ ಅನ್ನೂ ಬೇರೆ ಬೇರೆ ಗಮನಿಸಿ, ತುಂಬಿದ ಕೂಡಲೇ ನಿಲ್ಲಿಸುವ ಚಾರ್ಜರ್ ಬೇಕು. ಸೆಲ್ ಆರಿಸುವಾಗ ದೊಡ್ಡ ಅಂಕಿಗೆ ಮರುಳಾಗಬೇಡಿ. 2500 ಎಂಎಎಚ್‌ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಸುತ್ತಿನವಕ್ಕಿಂತ 1900–2000 ಎಂಎಎಚ್‌ನ, ಸುಮ್ಮನಿದ್ದಾಗ ಚಾರ್ಜ್ ಬೇಗ ಸೋರದ ಬಗೆಯವು ಸಾಮಾನ್ಯವಾಗಿ ಹೆಚ್ಚು ಸಲ ಚಾರ್ಜ್ ತಾಳುತ್ತವೆ. ಇವುಗಳ ವೋಲ್ಟೇಜ್ 1.5 ಅಲ್ಲ, 1.2, ಬಹುಪಾಲು ಸಾಧನಗಳಿಗೆ ಇದು ಸಾಕು. ಹೊಗೆ ಎಚ್ಚರಿಕೆಯ ಉಪಕರಣಕ್ಕೆ ಮಾತ್ರ ಅದರ ಕೈಪಿಡಿ ಹೇಳಿದ ಬ್ಯಾಟರಿಯನ್ನೇ ಹಾಕಿ. ಒಟ್ಟಿಗೆ ಕೊಂಡ ನಾಲ್ಕಕ್ಕೆ ಮಾರ್ಕರ್‌ನಿಂದ ಒಂದೇ ಗುರುತು ಹಾಕಿ ಒಟ್ಟಿಗೇ ಬಳಸಿ. ಸೋತ ಒಂದು ಸೆಲ್ ಮೂರು ಗಟ್ಟಿ ಸೆಲ್‌ಗಳ ಸಾಲಿಗೆ ಸೇರಿದರೆ ಅದರ ಧ್ರುವಗಳೇ ತಿರುವುಮುರುವಾಗಿ ಸೆಲ್ ಕೆಟ್ಟುಹೋಗುತ್ತದೆ.

ಎರಡು ಅಂಚಿನ ಬ್ಲೇಡ್ ಹಾಕುವ ಲೋಹದ ರೇಜರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು, ಒತ್ತದೆ, ಅದರ ಭಾರಕ್ಕೇ ಬಿಟ್ಟರೆ ಕೊಯ್ಯುವುದಿಲ್ಲ. ಬ್ಲೇಡ್ ಎಳೆಯತೊಡಗಿದರೆ ಬದಲಿಸಿ. ಐದಾರು ಕ್ಷೌರ ಬರುತ್ತದೆ. ಸತುವಿನ ಮಿಶ್ರಲೋಹದ ರೇಜರ್‌ಗಳು ಲೇಪ ಎದ್ದ ಮೇಲೆ ತಿರುಪಿನ ಬಳಿ ಸವೆದು ಮುರಿಯುತ್ತವೆ, ಹಾಗಾಗಿ ಹಿತ್ತಾಳೆ ಅಥವಾ ಸ್ಟೀಲಿನದೇ ಮೇಲು. ಹಳೆಯ ಬ್ಲೇಡುಗಳನ್ನು ಸೀಳು ಮಾಡಿದ ತಗಡಿನ ಡಬ್ಬಿಯಲ್ಲಿ ಕೂಡಿಡಿ.

ಅರೆಬರೆ ಅಂದದ್ದು ಜೇನುಮೇಣದ ಬಟ್ಟೆಯನ್ನು, ಅಂದರೆ ಪ್ಲಾಸ್ಟಿಕ್ ಹಾಳೆಯ ಬದಲು ಆಹಾರ ಮುಚ್ಚಲು ಬಳಸುವ, ಮೇಣ ಹಚ್ಚಿದ ಬಟ್ಟೆಯನ್ನು. ಮೇಣ 62–64 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಹಾಗಾಗಿ ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿ ಪಾತ್ರೆಗೆ ಮುಚ್ಚುವಂತಿಲ್ಲ. ಬಿಸಿನೀರು ತಾಗಿಸುವಂತಿಲ್ಲವಾದ್ದರಿಂದ ಹಸಿ ಮಾಂಸ, ಮೀನಿಗೂ ಸಲ್ಲದು. ಬ್ರೆಡ್, ಕತ್ತರಿಸಿದ ಹಣ್ಣಿಗೆ ಚೆನ್ನ. ವರ್ಷದ ಹೊತ್ತಿಗೆ ಮಡಿಕೆಯಲ್ಲಿ ಬಿರುಕುಬಿಟ್ಟಾಗ ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು ಇಸ್ತ್ರಿ ಆಡಿಸಿದರೆ ಮೇಣ ಮತ್ತೆ ಹರಡಿಕೊಳ್ಳುತ್ತದೆ. ಹೊಸ ಮೇಣ ಸೇರಿಸದೆ ಇದನ್ನು ಎರಡು ಸಲಕ್ಕಿಂತ ಹೆಚ್ಚು ಮಾಡಿ ಪ್ರಯೋಜನವಿಲ್ಲ.

ಮೂಲೆ ಸೇರಿದ್ದು ಸಿಲಿಕೋನ್ ಜಿಪ್ ಚೀಲ. ವಸ್ತು ಮಾತ್ರ ಬಲು ಗಟ್ಟಿ, ಕುದಿಯುವ ನೀರಿಗೂ ಜಗ್ಗುವುದಿಲ್ಲ. ತೊಂದರೆ ಎರಡು. ಸಿಲಿಕೋನ್ ಎಣ್ಣೆಯನ್ನೂ ಪರಿಮಳವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಬೆಳ್ಳುಳ್ಳಿ ಇಟ್ಟರೆ ಬೆಳ್ಳುಳ್ಳಿ, ಪರಿಮಳದ ಸೋಪಿನಲ್ಲಿ ತೊಳೆದರೆ ಸೋಪು, ಮುಂದಿನ ತಿಂಡಿಗೆ ಅದೇ ರುಚಿ. ವಾಸನೆಯಿಲ್ಲದ ಸೋಪು ಬಳಸಿ, ತಯಾರಕರು ಓವನ್‌ಗೆ ಇಡಬಹುದೆಂದು ಹೇಳಿದ್ದರೆ 120 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ತಕ್ಕಮಟ್ಟಿಗೆ ಹೋಗುತ್ತದೆ. ಎರಡನೆಯದಕ್ಕೆ ಮದ್ದಿಲ್ಲ. ಕೆಳಮೂಲೆಗಳಲ್ಲಿ ನೀರು ನಿಂತು, ಲೋಟದ ಮೇಲೆ ಕವುಚಿಟ್ಟರೂ ಒಣಗಲು ಇಡೀ ರಾತ್ರಿ ಬೇಕು, ಜಿಪ್ಪಿನ ಸಂದಿ ಅಷ್ಟಾದರೂ ಒದ್ದೆ. ಒಂದೇ ಒರೆತಕ್ಕೆ ಒಣಗುವ ಅಗಲ ಬಾಯಿಯ ಗಾಜಿನ ಡಬ್ಬಿ ಅದೇ ಕೆಲಸ ಮಾಡುವಾಗ ಚೀಲಕ್ಕೆ ಉಳಿದದ್ದು ಫ್ರೀಜರ್ ಒಂದೇ: ಅಲ್ಲಿ ಹಣ್ಣಿನ ಹೋಳುಗಳನ್ನು ಚಪ್ಪಟೆಯಾಗಿ ಹರವಿ ಒಂದರ ಮೇಲೊಂದು ಜೋಡಿಸಲು ಅದಕ್ಕಿಂತ ಒಳ್ಳೆಯದಿಲ್ಲ.