ಟೆಟ್ರಿಸ್: ಕೀಲಿ ಕುಟ್ಟೋದೋ, ಒತ್ತಿ ಹಿಡಿಯೋದೋ?

ಮೇಲಿಂದ ಬೀಳುವ ನಾಲ್ಕು ಚೌಕದ ಪೀಸುಗಳನ್ನು ಜೋಡಿಸಿ, ತುಂಬಿದ ಅಡ್ಡಸಾಲನ್ನು, ಅಂದರೆ ಲೈನನ್ನು, ಅಳಿಸುತ್ತಾ ಹೋಗುವ ಆಟ ಟೆಟ್ರಿಸ್. ಅದರಲ್ಲಿ ಕೈ ಚುರುಕಾಗಬೇಕು ಅಂದರೆ ಎರಡು ಪಂಗಡದವರು ಎರಡು ದಾರಿ ಹೇಳುತ್ತಾರೆ. ಬೆರಳು ಪಳಗಿಸಿಕೋ, ಕೀಲಿಯನ್ನು ಪಟಪಟ ಕುಟ್ಟು ಅನ್ನುವುದು ಒಂದು ಪಂಗಡ. ಕುಟ್ಟೋದನ್ನೇ ಕಡಿಮೆ ಮಾಡು, ಎಷ್ಟು ಕಡಿಮೆ ಒತ್ತಿ ಪೀಸನ್ನು ಅದರ ಜಾಗಕ್ಕೆ ಕಳಿಸಬಹುದೋ ಅಷ್ಟೇ ಒತ್ತು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಆಟಗಾರರು ಫಿನೆಸ್ ಅನ್ನುತ್ತಾರೆ. ಶಿರಸಿಯಲ್ಲಿ ಜೂನ್ ಹಿಡಿದರೆ ಸಂಜೆ ಹೊರಗೆ ಬೀಳುವ ಮಾತಿಲ್ಲ. ಹಾಗಾಗಿ ಮಳೆಗಾಲವಿಡೀ ಕೂತು ಎರಡನ್ನೂ ಆಡಿ ನೋಡಿದೆ. ಲ್ಯಾಪ್‌ಟಾಪಿನಲ್ಲಿ ಬ್ರೌಸರಿನಲ್ಲೇ ಆಡುವ ಟೆಟ್ರ್.ಐಓ, ಕರೆಂಟಿನ ಹಿಂದೆಯೇ ನೆಟ್ಟೂ ಹೋದಾಗ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡಿದ್ದ, ಕೈಯಲ್ಲಿ ಹಿಡಿದು ಆಡುವ ಬ್ರಿಕ್ ಗೇಮ್.

ಕೀಬೋರ್ಡಿನಲ್ಲಿ ಆಡುವವರಿಗಾದರೆ ನನ್ನ ಮತ ಫಿನೆಸ್‌ಗೇ. ಕಾರಣ ಬರೀ ಲೆಕ್ಕ. 40 ಲೈನ್ ಮುಗಿಸುವ ಓಟದಲ್ಲಿ ಅಳಿಸಬೇಕಾದ್ದು 400 ಚೌಕ, ಒಂದು ಪೀಸಿಗೆ ನಾಲ್ಕು ಚೌಕ, ಅಲ್ಲಿಗೆ 100 ಪೀಸು. ಪ್ರತಿ ಪೀಸಿಗೆ ಒಂದೇ ಒಂದು ಸಲ ಹೆಚ್ಚಿಗೆ ಒತ್ತಿದರೂ ಆಟ ಮುಗಿಯುವಷ್ಟರಲ್ಲಿ 100 ಸಲ ಬೆರಳು ಸುಮ್ಮನೆ ದುಡಿದಂತೆ.

ನಾಲ್ಕು ಚೌಕ ಒಂದೇ ಸಾಲಿನಲ್ಲಿರುವ ಉದ್ದ ಕೋಲನ್ನೇ ತೆಗೆದುಕೊಳ್ಳಿ. ಹತ್ತು ಕಾಲಂ ಅಗಲದ ಅಂಕಣದಲ್ಲಿ ಅದು 4ರಿಂದ 7ನೇ ಕಾಲಂವರೆಗೆ ಮಲಗಿಕೊಂಡು ಬರುತ್ತದೆ. ಅದನ್ನು 9ನೇ ಕಾಲಂನಲ್ಲಿ ನಿಲ್ಲಿಸಬೇಕು. ಕುಟ್ಟುವವರು ಬಲಕ್ಕೆ ತಿರುಗಿಸುತ್ತಾರೆ, ಕೋಲು 6ನೇ ಕಾಲಂನಲ್ಲಿ ಎದ್ದು ನಿಲ್ಲುತ್ತದೆ, ಆಮೇಲೆ ಬಲಬಾಣ ಮೂರು ಸಲ. ಒಟ್ಟು ನಾಲ್ಕು. ಫಿನೆಸ್‌ನವರು ಮಲಗಿದ ಕೋಲನ್ನು ಬಲಬಾಣ ಒತ್ತಿ ಹಿಡಿದು ಗೋಡೆಗೆ ಕಳಿಸಿ ಅಲ್ಲಿ ಬಲಕ್ಕೆ ತಿರುಗಿಸುತ್ತಾರೆ. ಸೀದಾ 9ನೇ ಕಾಲಂ, ಎರಡೇ ಒತ್ತು. ಅದೇ ಗೋಡೆಯ ಹತ್ತಿರ ಎಡಕ್ಕೆ ತಿರುಗಿಸಿದರೆ 8ನೇ ಕಾಲಂ. ಹೀಗಾಗಿ ಎರಡು ಕಡೆಯ ತಿರುಗು ಕೀಲಿಗಳಿಗೂ ಬೆರಳು ಇಡದವರು ಫಿನೆಸ್ ಕಲಿಯುತ್ತೇನೆ ಅಂತ ಹೊರಡುವುದೇ ಬೇಡ. ಚೌಕದ ಪೀಸಿಗೆ ತಿರುಗುವ ರಗಳೆಯಿಲ್ಲ. ಅದನ್ನು 2–3ನೇ ಕಾಲಂಗೆ ಹಾಕಬೇಕಾದರೆ ಎಡಕ್ಕೆ ಮೂರು ಸಲ ಕುಟ್ಟುವ ಬದಲು ಗೋಡೆವರೆಗೆ ಕಳಿಸಿ ಒಂದು ಹೆಜ್ಜೆ ವಾಪಸು ತಂದರಾಯಿತು.

ಇಷ್ಟನ್ನು ಓದಿದ ಕೂಡಲೇ ಕೂತು ಆಡಿದರೆ ನಿಧಾನವೇ ಆಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಒತ್ತಿ ಹಿಡಿದ ಮೇಲೆ ಪೀಸು ತಾನಾಗಿ ಓಡಲು ಶುರುವಾಗುವ ಮೊದಲು ಆಟ ಒಂದು ಗಳಿಗೆ ಕಾಯುತ್ತದೆ. ಆ ಕಾಯುವಿಕೆ ಉದ್ದವಿದ್ದರೆ ಮೂರು ಸಲ ಕುಟ್ಟಿದವನೇ ಮೊದಲು ಮುಟ್ಟುತ್ತಾನೆ. ಈಗಿನ ಆಟಗಳಲ್ಲಿ ಅದನ್ನು ಸೆಟ್ಟಿಂಗ್‌ನಲ್ಲಿ ಇಳಿಸಬಹುದು. ನಾನು ಇಟ್ಟುಕೊಂಡಿದ್ದು 130 ಮಿಲಿಸೆಕೆಂಡು, ಓಡಲು ಶುರುವಾದ ಮೇಲೆ ಒಂದೇ ನೆಗೆತಕ್ಕೆ ಗೋಡೆ. ಇನ್ನೂ ಇಳಿಸಿದಾಗ ಒಂದು ಹೆಜ್ಜೆ ಸರಿಸಲು ಹೋದರೆ ಪೀಸು ಗೋಡೆಗೆ ಹೋಗಿ ಕೂರುತ್ತಿತ್ತು. ನಿಮ್ಮ ಬೆರಳಿಗೆ ಎಷ್ಟು ಅನ್ನುವುದನ್ನು ನೀವೇ ಇಳಿಸುತ್ತಾ ನೋಡಬೇಕು.

ಕುಟ್ಟುವವರ ಪಂಗಡವೇನೂ ಹಳೇ ಕಾಲದ್ದಲ್ಲ. 1989ರ ನಿಂಟೆಂಡೊ ಟೆಟ್ರಿಸ್‌ನಲ್ಲಿ ಅವರದೇ ರಾಜ್ಯ. ಅಲ್ಲಿ ಸೆಟ್ಟಿಂಗ್ ಮುಟ್ಟುವಂತಿಲ್ಲ. ಸೆಕೆಂಡಿಗೆ ಸುಮಾರು 60 ಫ್ರೇಮಿನ ಆಟ ಅದು. ಬಾಣ ಒತ್ತಿ ಹಿಡಿದರೆ 16 ಫ್ರೇಮ್ ಕಾದು, ಆಮೇಲೆ 6 ಫ್ರೇಮಿಗೊಂದು ಹೆಜ್ಜೆ. 29ನೇ ಲೆವೆಲ್ಲಿಗೆ ಪೀಸು ಫ್ರೇಮಿಗೊಂದು ಸಾಲು ಬೀಳುತ್ತದೆ, ಅಂದರೆ 20 ಸಾಲಿನ ಅಂಕಣವನ್ನು ಸೆಕೆಂಡಿನ ಮೂರನೇ ಒಂದು ಪಾಲಿನಲ್ಲಿ ದಾಟಿಬಿಡುತ್ತದೆ. ಒತ್ತಿ ಹಿಡಿದವನ ಪೀಸು ಗೋಡೆ ಮುಟ್ಟುವ ಮಾತೆಲ್ಲಿ? ಆಟ ಅಲ್ಲಿಗೆ ಮುಗಿಯಿತು ಅಂತಲೇ ಬಹಳ ವರ್ಷ ಜನ ನಂಬಿದ್ದರು. 2018ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 16 ವರ್ಷದ ಜೋಸೆಫ್ ಸೇಲಿ ಹೆಬ್ಬೆರಳು ನಡುಗಿಸಿ ಕುಟ್ಟಿಯೇ ಗೆದ್ದ. ಆಮೇಲೆ ರೋಲಿಂಗ್ ಬಂತು: ಒಂದು ಕೈಯ ಬೆರಳು ಬಟನ್ ಮೇಲೆ ಹಗುರ ಇಟ್ಟುಕೊಂಡು, ಇನ್ನೊಂದು ಕೈಯ ಬೆರಳುಗಳಿಂದ ಕಂಟ್ರೋಲರ್‌ನ ಬೆನ್ನಿಗೆ ಸಾಲಾಗಿ ತಟ್ಟುವುದು. 2023ರ ಡಿಸೆಂಬರಿನಲ್ಲಿ 13 ವರ್ಷದ ವಿಲ್ಲಿಸ್ ಗಿಬ್ಸನ್ ಹೀಗೆ ಆಡುತ್ತಾ 157ನೇ ಲೆವೆಲ್ ತಲುಪಿದಾಗ ಸುಸ್ತಾಗಿ ನಿಂತಿದ್ದು ಆಟವೇ.

ಅದನ್ನು ನೋಡಿ ನಾನೂ ಕೀಬೋರ್ಡಿನ ಮೇಲೆ ಕುಟ್ಟುವ ಅಭ್ಯಾಸ ಮಾಡಿದೆ. ವೇಗ ಬರುತ್ತದೆ, ಸುಳ್ಳಲ್ಲ. ಆದರೆ ಅರ್ಧ ಗಂಟೆಗೆ ಮುಂಗೈ ಬಿಗಿಯುತ್ತದೆ, ಬಿಗಿದ ಕೈ ಒಂದು ಹೆಜ್ಜೆ ಹೆಚ್ಚೋ ಕಮ್ಮಿಯೋ ಹಾಕುತ್ತದೆ, ಪೀಸಿನ ಅಡಿಗೆ ತೂತು ಬೀಳುತ್ತದೆ. ಫಿನೆಸ್‌ನಲ್ಲಿ ಕೈಗೆ ಬಿಡುವಿದೆ. ಅದಕ್ಕಿಂತ ದೊಡ್ಡದು ಕಣ್ಣಿಗೆ ಬಿಡುವಿದೆ: ಬೀಳುವ ಪೀಸನ್ನು ಎಣಿಸುತ್ತಾ ಕೂರಬೇಕಿಲ್ಲವಾದ್ದರಿಂದ ದೃಷ್ಟಿ ಪಕ್ಕದಲ್ಲಿ ಸರತಿ ನಿಂತ ಮುಂದಿನ ಪೀಸುಗಳ ಮೇಲೆ ಇರುತ್ತದೆ. ಚಿರೆಕಲ್ಲು ಕಟ್ಟುವ ಮೇಸ್ತ್ರಿ ಕೈಗೆ ಕಲ್ಲು ಬರುವ ಮೊದಲೇ ಜಾಗ ನೋಡಿಟ್ಟಿರುತ್ತಾನಲ್ಲ, ಹಾಗೆ. ನನ್ನ ಟೈಮಿಂಗ್ ಇಳಿದಿದ್ದು ಬೆರಳಿನಿಂದಲ್ಲ, ಇದರಿಂದ.

ಅಭ್ಯಾಸದಲ್ಲೂ ಎರಡು ದಾರಿ. ದಿನಾ 40 ಲೈನಿನ ಓಟ ಓಡುತ್ತಲೇ ಇರುವುದು ಒಂದು. ಒತ್ತು ಒಂದು ಹೆಚ್ಚಾದರೂ ಆಟ ಮೊದಲಿಂದ ಶುರುವಾಗುವಂತೆ ಇಟ್ಟುಕೊಂಡು, ಗಡಿಯಾರ ನೋಡದೆ ಆಡುವುದು ಇನ್ನೊಂದು. ಮೊದಲನೆಯದು ಮಜಾ, ಎರಡನೆಯದು ತಲೆನೋವು. ಫಲ ಕೊಟ್ಟಿದ್ದು ತಲೆನೋವೇ.

ಕೋಲನ್ನು ಇಳಿಸಿ ನಾಲ್ಕು ಲೈನ್ ಒಟ್ಟಿಗೆ ಅಳಿಸಲು ಖಾಲಿ ಬಿಡುವ ಒಂಟಿ ಕಾಲಂ, ಅಂದರೆ ಬಾವಿ, ಎಲ್ಲಿರಬೇಕು ಅನ್ನುವುದರಲ್ಲಿ ಮಾತ್ರ ನನಗೆ ಅಷ್ಟು ಖಡಾಖಂಡಿತ ಅಭಿಪ್ರಾಯವಿಲ್ಲ. ಬಲತುದಿಯ 10ನೇ ಕಾಲಂ ಬಿಡುವುದು ರೂಢಿ. 6-3 ಅನ್ನುವ ಪದ್ಧತಿಯಲ್ಲಿ ಎಡಕ್ಕೆ ಆರು, ಬಲಕ್ಕೆ ಮೂರು ಕಾಲಂ ಕಟ್ಟಿ 7ನೆಯದನ್ನು ಖಾಲಿ ಬಿಡುತ್ತಾರೆ. ಬಾವಿ ನಡುವೆ ಇರುವುದರಿಂದ ಕೋಲನ್ನು ಬಲಕ್ಕೆ ತಿರುಗಿಸಿ ಒಂದು ಹೆಜ್ಜೆ ಸರಿಸಿದರೆ ಸಾಕು. ಆದರೆ ಆ ಮೂರು ಕಾಲಂನ ಓಣಿ ಬಲು ಇಕ್ಕಟ್ಟು. ಅಲ್ಲೊಂದು ಚೌಕ ಇಟ್ಟರೆ ಪಕ್ಕದಲ್ಲಿ ಒಂಟಿ ಕಾಲಂ ಉಳಿದು ಎಲ್ ಅಥವಾ ಜೆ ಆಕಾರದ ಪೀಸು ಬರಲಿ ಅಂತ ಕಾಯಬೇಕು. ತೀರಾ ವೇಗದವರಿಗೆ ಲಾಭವಿರಬಹುದು. ಕಲಿಯುವ ಹೊತ್ತಿಗೆ ಬಲತುದಿಯೇ ಸುಖ.

ಬ್ರಿಕ್ ಗೇಮಿನಲ್ಲಿ ಈ ಚರ್ಚೆಯೆಲ್ಲ ತಲೆಕೆಳಗು. ಅಂಕಣ ಅದೇ 10ಕ್ಕೆ 20, ಆದರೆ ತಿರುಗಿಸುವ ಬಟನ್ ಒಂದೇ, ಪೀಸನ್ನು ಪಕ್ಕಕ್ಕೆ ತೆಗೆದಿಡುವ ಹೋಲ್ಡ್ ಇಲ್ಲ, ರಬ್ಬರ್ ಬಟನ್ ಬೇರೆ. ಅಲ್ಲಿ ಕುಟ್ಟಲೇಬೇಕು. ಕಾರವಾರದಿಂದ ಜಾತ್ರೆಗೆ ಬಂದಿದ್ದ ಅಕ್ಕನ ಮಗ ಅದನ್ನು ಹಿಡಿದುಕೊಂಡು "ಮಾವಾ, ಕೋಲು ಬತ್ತೇ ಇಲ್ಲೆ!" ಅಂತ ಕೂಗುತ್ತಿದ್ದ. ಅವನ ಫೋನಿನ ಆಟದಲ್ಲಿ ಏಳೂ ಪೀಸು ಒಂದೇ ಚೀಲದಿಂದ ಒಂದೊಂದು ಸಲ ಬಂದು ಮುಗಿದ ಮೇಲೆಯೇ ಹೊಸ ಚೀಲ. ಎರಡು ಕೋಲುಗಳ ನಡುವೆ 12ಕ್ಕಿಂತ ಹೆಚ್ಚು ಪೀಸು ಬರುವುದೇ ಇಲ್ಲ. ಬ್ರಿಕ್ ಗೇಮಿನಲ್ಲಿ ಅಂಥ ಭರವಸೆಯಿಲ್ಲ. ಅಲ್ಲಿ ಬಾವಿಯನ್ನು ಆಳ ಬಿಡದೆ ಎರಡೆರಡು ಲೈನ್ ಅಳಿಸುತ್ತಾ ಹೋಗುವುದೇ ಲೇಸು.

ಫೋನಿನಲ್ಲಿ ಬೆರಳಿನಿಂದ ಎಳೆದು ಆಡುವುದಾದರೆ ಎರಡು ಪಂಗಡವೂ ನಿಮಗೆ ಸಂಬಂಧಿಸಿದ್ದಲ್ಲ. ಲ್ಯಾಪ್‌ಟಾಪ್ ಇದ್ದರೆ ಬಲಗೈಗೆ ಬಾಣ, ಎಡಗೈಗೆ ಝಡ್ ಮತ್ತು ಎಕ್ಸ್‌ನಲ್ಲಿ ಎರಡು ತಿರುಗು, ಹೆಬ್ಬೆರಳಿಗೆ ಸ್ಪೇಸ್‌ಬಾರ್‌ನಲ್ಲಿ ಬೀಳಿಸುವುದು, ಇಷ್ಟನ್ನು ಹೊಂದಿಸಿಕೊಂಡು ಮೊದಲು ಕೋಲನ್ನು 8 ಮತ್ತು 9ನೇ ಕಾಲಂಗೆ ಕಳಿಸಿ ನೋಡಿ.